ಬೇಲಿಗೆ ಯಾವ ಬೀಜ? ಕವಳಿ, ಬಾರಿ, ಬಂದರಿಕೆ, ಗಜ್ಜುಗ

ತಂತಿ ಬೇಲಿಯ ಖರ್ಚು ಸಣ್ಣ ಹೊಲದವರಿಗೆ ಭಾರ. ಒಣ ಜಾಲಿಮುಳ್ಳು ಹಚ್ಚಿದರೆ ಗೆದ್ದಲು ತಿಂದು ಪುಡಿ ಮಾಡುತ್ತದೆ, ಮತ್ತೆ ಮತ್ತೆ ಹಚ್ಚಬೇಕು. ಉಳಿಯುವುದು ಗಿಡದ ಬೇಲಿ. ನಮ್ಮ ಬಾಗಲಕೋಟೆ ಜಿಲ್ಲೆಯ ಗುಡ್ಡ, ಒಡ್ಡುಗಳಲ್ಲಿ ತಾವಾಗಿ ಬೆಳೆಯುವ ಅಥವಾ ಪಕ್ಕದ ಬೆಳಗಾವಿ ಕಾಡಿನಿಂದ ಬರುವ ನಾಲ್ಕು ಗಿಡಗಳನ್ನು ಬೀಜದಿಂದಲೇ ಬೆಳೆಸಿ ನೋಡಿದ್ದೇನೆ. ನಮ್ಮ ಹೊಲ ಹುನಗುಂದದ ಕಡೆ, ಎರಿ ಭೂಮಿ, ಅಂದರೆ ಕಪ್ಪು ಮಣ್ಣು. ಅಕ್ಕನ ಮನೆ ಬಾದಾಮಿ ಹತ್ತಿರ, ಅಲ್ಲಿ ಮಸಾರಿ, ಅಂದರೆ ಕೆಂಪು ಮಣ್ಣು. ಎರಡೂ ಕಡೆ ಹಾಕಿದ್ದರಿಂದ ಹೋಲಿಸಲು ಅನುಕೂಲವಾಯಿತು.

ಮೊಳಕೆ ಎಷ್ಟು ಬೇಗ ಬಂತು ಎನ್ನುವುದಕ್ಕೆ ನಾನು ಹೆಚ್ಚು ಬೆಲೆ ಕೊಟ್ಟಿಲ್ಲ. ಎರಡನೇ ಬೇಸಿಗೆಯನ್ನು ನೀರಿಲ್ಲದೆ ದಾಟಿತಾ, ಆಡು ಬಾಯಿ ಹಾಕಿದ ಮೇಲೂ ಚಿಗುರಿತಾ, ಇವೆರಡನ್ನೇ ನೋಡಿದೆ. ವರ್ಷಕ್ಕೆ 600 ಮಿಲಿಮೀಟರ್ ಆಸುಪಾಸು ಮಳೆ ಬೀಳುವ, ಅದರಲ್ಲೂ ಸೆಪ್ಟೆಂಬರ್ ಮಳೆಯನ್ನೇ ಹೆಚ್ಚು ನೆಚ್ಚಿಕೊಂಡ ಊರಲ್ಲಿ ಇದಕ್ಕಿಂತ ದೊಡ್ಡ ಪರೀಕ್ಷೆ ಇಲ್ಲ.

ಮೊದಲು ಕವಳಿ. ಇದರ ಬೀಜಕ್ಕೆ ಆಯಸ್ಸು ಕಡಿಮೆ. ಒಣಗಿಸಿ ಡಬ್ಬಿಯಲ್ಲಿ ಇಟ್ಟರೆ ಮೊಳೆಯುವ ಶಕ್ತಿ ಬೇಗ ಹೋಗುತ್ತದೆ. ಮೇ ತಿಂಗಳಲ್ಲಿ ಖಾನಾಪುರದ ಕಾಡಿನಿಂದ ಬೆಳಗಾವಿ ಪೇಟೆಗೆ ಕಪ್ಪು ಕವಳಿ ಹಣ್ಣು ಬರುತ್ತದಲ್ಲ, ಅದನ್ನು ತರಿಸಿ ತಿಂದು, ಬೀಜವನ್ನು ಅದೇ ವಾರ ಹಾಕಬೇಕು. ಪೂರ್ತಿ ಕಪ್ಪಾದ ಹಣ್ಣೇ ಆಗಬೇಕು. ಉಪ್ಪಿನಕಾಯಿಗೆ ತರುವ ಕಾಯಿಯ ಬೀಜ ಬಲಿತಿರುವುದಿಲ್ಲ. ಹಣ್ಣಿನ ಅಂಟು ಹೋಗಲು ಬೂದಿಯಲ್ಲಿ ತಿಕ್ಕಿ ತೊಳೆದು, ಮಣ್ಣು, ಮರಳು, ತಿಪ್ಪೆಗೊಬ್ಬರ ಸೇರಿಸಿದ ಚೀಲದಲ್ಲಿ ಅರ್ಧ ಇಂಚು ಆಳಕ್ಕೆ ಊರಿದರೆ ಎರಡರಿಂದ ನಾಲ್ಕು ವಾರದಲ್ಲಿ ಮೊಳಕೆ ಕಾಣುತ್ತದೆ.

ಆಮೇಲೆ ತಾಳ್ಮೆ ಬೇಕು. ಮೊದಲ ವರ್ಷ ಕವಳಿ ಗೇಣುದ್ದ ಬಂದರೆ ದೊಡ್ಡದು. ಹಾಗಾಗಿ ಒಂದು ವರ್ಷ ಮನೆ ಹತ್ತಿರ ನೆರಳಲ್ಲಿ ಸಾಕಿ, ಮುಂದಿನ ಮಳೆಗಾಲಕ್ಕೆ ಬೇಲಿ ಸಾಲಿಗೆ ನೆಡುವುದೇ ಸರಿ. ಒಮ್ಮೆ ಬೇರು ಬಿಟ್ಟ ಮೇಲೆ ಮಾತ್ರ ಇದರ ಗಟ್ಟಿತನವೇ ಬೇರೆ. ವರ್ಷವಿಡೀ ಹಸಿರು. ಕತ್ತರಿಸಿದಷ್ಟೂ ಬುಡದಿಂದ ಒತ್ತೊತ್ತಾಗಿ ಕವಲು. ಮುಳ್ಳು ಜೋಡಿಯಾಗಿ, ಗಟ್ಟಿಯಾಗಿ ಬರುತ್ತದೆ. ದನ ಹತ್ತಿರ ಬಂದು ವಾಸನೆ ನೋಡಿ ಹೋಗುತ್ತದೆ ಅಷ್ಟೇ. ಮೂರು ನಾಲ್ಕನೇ ವರ್ಷದಿಂದ ಹಣ್ಣೂ ಸಿಗುತ್ತದೆ. ಮಸಾರಿಯಲ್ಲಿ ಸುಮ್ನೆ ಬಿಟ್ಟರೂ ಬದುಕಿತು. ಎರಿ ಭೂಮಿಯಲ್ಲಿ ನೀರು ನಿಲ್ಲುವ ತಗ್ಗಿನ ಸಸಿ ಹಳದಿಯಾಯಿತು, ಒಡ್ಡಿನ ಮೇಲಿನದು ಚೆನ್ನಾಗಿ ಬಂತು. ಕಪ್ಪು ಮಣ್ಣಿನವರು ಕವಳಿಯನ್ನು ಒಡ್ಡಿನ ಮೇಲೇ ಹಚ್ಚಿ.

ಬಾರಿಯ, ಅಂದರೆ ಬೋರೆ ಅಥವಾ ಎಲಚಿಯ, ಸ್ವಭಾವ ಇದಕ್ಕೆ ಪೂರ್ತಿ ಉಲ್ಟಾ. ಇದರ ಬೀಜ ಕಾಯುತ್ತದೆ, ಗಿಡ ಕಾಯುವುದಿಲ್ಲ. ಸಂಕ್ರಾಂತಿ ಹೊತ್ತಿಗೆ ಮಕ್ಕಳ ತಲೆ ಮೇಲೆ ಸುರಿದು ಕರಿ ಎರೆಯಲು ತಂದ ಬಾರಿಹಣ್ಣಿನ ಬೀಜವನ್ನು ತೊಳೆದು, ನೆರಳಲ್ಲಿ ಒಣಗಿಸಿ, ಜೂನ್ ತನಕ ಇಡಬಹುದು. ಜವಾರಿ ಬಾರಿಯೇ ಆಗಲಿ. ದೊಡ್ಡ ಆ್ಯಪಲ್ ಬಾರಿಯನ್ನು ಕಸಿ ಕಟ್ಟಿ ಬೆಳೆಸಿರುತ್ತಾರೆ, ಅದಕ್ಕೆ ಮುಳ್ಳೂ ಕಡಿಮೆ, ಬೇಲಿಗೆ ಅದರಿಂದ ಏನೂ ಉಪಯೋಗವಿಲ್ಲ.

ಬಿತ್ತುವ ಮುನ್ನ ಬೀಜಗಳನ್ನು ಗಟ್ಟಿ ಉಪ್ಪುನೀರಿಗೆ ಹಾಕಿ. ತೇಲಿದ್ದು ಜೊಳ್ಳು, ಚೆಲ್ಲಿಬಿಡಿ. ಮುಳುಗಿದ್ದನ್ನು ಒಳ್ಳೆಯ ನೀರಲ್ಲಿ ತೊಳೆದು, ಕಲ್ಲಿನ ಮೇಲಿಟ್ಟು ಮೆಲ್ಲಗೆ ಕುಟ್ಟಿ ಚಿಪ್ಪು ಬಿರಿಯುವಂತೆ ಮಾಡಬೇಕು. ಒಳಗಿನ ತಿರುಳು ನುಜ್ಜಾಗಬಾರದು. ಹೀಗೆ ಬಿರಿದ ಬೀಜ ಒಂದೆರಡು ವಾರದಲ್ಲಿ ಮೊಳೆಯುತ್ತದೆ. ಹಾಗೇ ಹಾಕಿದ್ದು ತಿಂಗಳು ದಾಟಿದರೂ ಆಶ್ಚರ್ಯವಿಲ್ಲ.

ಚೀಲದಲ್ಲಿ ಬೆಳೆಸುವುದು ಬಾರಿಗೆ ಒಗ್ಗುವುದಿಲ್ಲ. ತಾಯಿಬೇರು ಸರಸರ ಕೆಳಗೆ ಇಳಿಯುತ್ತದೆ, ಚೀಲದ ತಳ ಮುಟ್ಟಿ ಸುತ್ತಿಕೊಳ್ಳುತ್ತದೆ. ಅಂಥ ಸಸಿ ನೆಟ್ಟರೆ ಸೊರಗುತ್ತದೆ. ಮಳೆ ಹಿಡಿದ ಕೂಡಲೇ ಬೇಲಿ ಸಾಲಿನಲ್ಲೇ ಎರಡು ಮೂರು ಬೀಜ ಊರಿ, ಗಟ್ಟಿಯಾಗಿ ಬಂದ ಒಂದನ್ನು ಉಳಿಸಿಕೊಳ್ಳುವುದು ಉತ್ತಮ. ಎರಿ ಭೂಮಿ ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರುಕು ಬಿಡುತ್ತದೆ, ಮೇಲ್ಮೇಲೆ ಬೇರು ಬಿಟ್ಟ ಸಸಿಗಳ ಬೇರು ಹರಿದೇ ಹೋಗುತ್ತದೆ. ಸ್ಥಳದಲ್ಲೇ ಬಿತ್ತಿದ ಬಾರಿ ಆ ಬಿರುಕಿನ ನಡುವೆಯೂ ನಿಂತಿತು. ಕಪ್ಪು ಮಣ್ಣಿನಲ್ಲಿ ಬೇರು ಇಳಿಸುವ ವಿಷಯದಲ್ಲಿ ಇದನ್ನು ಮೀರಿಸಿದ್ದನ್ನು ನಾನು ಕಂಡಿಲ್ಲ.

ಒಂದೇ ತೊಂದರೆ, ಆಡುಗಳಿಗೆ ಬಾರಿ ಎಲೆ ಅಂದರೆ ಪ್ರಾಣ. ಮೊದಲ ಎರಡು ವರ್ಷ ಸಾಲಿನ ಹೊರಗೆ ಒಣ ಮುಳ್ಳು ಹಚ್ಚಲೇಬೇಕು. ಮುಳ್ಳು ಬಲಿತ ಮೇಲೆ ಆಡು ತುದಿ ತಿಂದರೂ ಚಿಂತೆ ಇಲ್ಲ, ಮತ್ತೆ ಚಿಗುರುತ್ತದೆ.

ಬಂದರಿಕೆಗೆ ಮುಳ್ಳಿಲ್ಲ. ಬಾದಾಮಿಯ ಕೆಂಪು ಕಲ್ಲಿನ ಗುಡ್ಡಗಳಲ್ಲಿ ನೀವೇ ನೋಡಿರುತ್ತೀರಿ, ರೆಕ್ಕೆ ಇರುವ ತೆಳ್ಳನೆಯ ಕಾಯಿ ಗೊಂಚಲು ಗೊಂಚಲಾಗಿ ತೂಗುವ ಗಿಡ. ಒಣಗಿದ ಕಾಯಿಯನ್ನು ಉಜ್ಜಿ ಮೊರದಲ್ಲಿ ಕೇರಿದರೆ ಸಣ್ಣ ಕಪ್ಪು ಬೀಜ ಉಳಿಯುತ್ತದೆ. ಸಿಪ್ಪೆ ನೀರನ್ನು ಒಳಗೆ ಬಿಡದಷ್ಟು ಗಟ್ಟಿ. ಕುದಿಸಿ ಇಳಿಸಿದ ನೀರನ್ನು ಬೀಜದ ಮೇಲೆ ಸುರಿದು, ರಾತ್ರಿಯೆಲ್ಲ ತಣ್ಣಗಾಗಲು ಬಿಟ್ಟು, ಬೆಳಿಗ್ಗೆ ಬಿತ್ತಿ. ಎಲೆ ಅಂಟಂಟು, ಹಾಗಾಗಿ ಆಡು ಮುಟ್ಟುವುದಿಲ್ಲ. ಅಕ್ಕನ ಮನೆಯಂಗಳದ ಸುತ್ತ ಇದನ್ನೇ ಕತ್ತರಿಸಿ ಕತ್ತರಿಸಿ ದಟ್ಟ ಮಾಡಿದ್ದೇವೆ, ನೋಡಲು ಬಹಳ ಚಂದ. ಮಕ್ಕಳು ಆಡುವ ಮನೆಗೆ ಇದೇ ಸರಿ. ಕಾಡುಹಂದಿಯನ್ನು ಮಾತ್ರ ಇದು ತಡೆಯುವುದಿಲ್ಲ. ಎರಿ ಭೂಮಿಯಲ್ಲೂ ಇದನ್ನು ಹಾಕಬೇಡಿ, ನೀರು ಬಸಿದು ಹೋಗದ ಮಣ್ಣು ಇದಕ್ಕೆ ಆಗುವುದಿಲ್ಲ.

ಗಜ್ಜುಗದ ಬೂದುಬಣ್ಣದ ಬೀಜವನ್ನು ಚಿಕ್ಕವರಿದ್ದಾಗ ಆಟಕ್ಕೆ ಬಳಸಿದವರು ಬಹಳ ಜನ ಇದ್ದಾರೆ. ಅದು ಕಲ್ಲಿನಷ್ಟು ಗಟ್ಟಿ. ಕಣ್ಣು ಇರುವ ಕಡೆ ಬಿಟ್ಟು, ಇನ್ನೊಂದು ಬದಿಯನ್ನು ಒರಟು ಕಲ್ಲಿಗೆ ಉಜ್ಜಿ ಒಳಗಿನ ಬಿಳುಪು ಕಾಣಿಸಬೇಕು. ಆಮೇಲೆ ಒಂದೆರಡು ದಿನ ನೀರಲ್ಲಿ ನೆನೆಸಿ. ಉಬ್ಬಿದ್ದನ್ನು ಬಿತ್ತಿ, ಉಬ್ಬದೇ ಇದ್ದರೆ ಮತ್ತೆ ಉಜ್ಜಿ. ನಾಲ್ಕರಲ್ಲಿ ಬಲು ಬೇಗ ಬೆಳೆಯುವುದು ಇದೇ. ಆದರೆ ಇದು ಬಳ್ಳಿ. ಎಲೆದಂಟಿನಲ್ಲೂ ಕೊಕ್ಕೆಮುಳ್ಳು, ಕಾಯಿಯ ಮೇಲೂ ಮುಳ್ಳು. ಹಬ್ಬಲು ಬಿಟ್ಟರೆ ಹೊಲದ ಒಳಗೇ ಬರುತ್ತದೆ. ವರ್ಷ ವರ್ಷ ಉದ್ದ ಕೋಲಿಗೆ ಕುಡಗೋಲು ಕಟ್ಟಿ ಕಡಿಯಲು ಆಳು ಇದ್ದವರು ಮಾತ್ರ ಇದನ್ನು ಯೋಚಿಸಬೇಕು.

ಬೇಗ ಬೇಲಿ ಆಗಲಿ ಎಂದು ಬಳ್ಳಾರಿ ಜಾಲಿ ಹಾಕಿ ಎನ್ನುವವರೂ ಇದ್ದಾರೆ. ದಯವಿಟ್ಟು ಬೇಡ. ಅದು ಅಮೆರಿಕ ಖಂಡದಿಂದ ಬಂದ ಗಿಡ. ಅದರ ಕಾಯಿ ತಿಂದ ದನ, ಆಡು ಸೆಗಣಿ, ಹಿಕ್ಕೆಯಲ್ಲಿ ಬೀಜ ಹರಡುತ್ತವೆ. ಹಳ್ಳ, ಕೆರೆ ಅಂಗಳ ತುಂಬಿದ ಮೇಲೆ ಕೀಳುವುದು ಯಾರ ಕೈಯಲ್ಲೂ ಆಗುವುದಿಲ್ಲ.

ಒಂದನ್ನೇ ಆರಿಸಿ ಎಂದರೆ ಮಸಾರಿಯವರಿಗೆ ನಾನು ಕವಳಿಯನ್ನೇ ಹೇಳುತ್ತೇನೆ, ನಿಧಾನ ಎಂದು ಗೊತ್ತಿದ್ದೂ. ಎರಿ ಭೂಮಿಯಲ್ಲಿ ಬಾರಿ. ನಮ್ಮ ಹೊಲದಲ್ಲಿ ಎರಡನ್ನೂ ಸೇರಿಸಿದ್ದೇವೆ. ಒಡ್ಡಿನ ಮೇಲೆ ಎರಡಡಿಗೆ ಒಂದು ಕವಳಿ, ಅದರ ಹೊರಗೆ ಮೂರಡಿ ಬಿಟ್ಟು ಬಾರಿ, ಎದುರುಬದುರು ಬಾರದಂತೆ ಒಂದರ ಸಂದಿಗೆ ಇನ್ನೊಂದು. ಬಾರಿ ಬೇಗ ಎತ್ತರ ಹೋಗಿ ಗಾಳಿ ತಡೆಯುತ್ತದೆ, ಕವಳಿ ಕೆಳಗಿನ ಸಂದು ಮುಚ್ಚುತ್ತದೆ. ಗಜ್ಜುಗಕ್ಕೆ ಹಳ್ಳದ ಕಡೆಯ ಒಂದು ಮೂಲೆ ಕೊಟ್ಟಿದ್ದೇವೆ. ಹಂದಿ ನುಗ್ಗುವುದು ಅಲ್ಲಿಂದಲೇ.