ವಿಡಿಯೊ ಹಿನ್ನೆಲೆ ಸಂಗೀತಕ್ಕೆ ಗ್ಯಾರೇಜ್‌ಬ್ಯಾಂಡೋ, ಎಲ್‌ಎಂಎಂಎಸ್ಸೋ?

ಮುಂಬೈಯ ಮಾಟುಂಗಾದಲ್ಲಿ ನಮ್ಮ ಕನ್ನಡ ಗೆಳೆಯರ ರಾಜ್ಯೋತ್ಸವದ ವಿಡಿಯೊಗೆ ಎರಡನ್ನೂ ಬಳಸಿ ನೋಡಿದೆ. ಎರಡೂ ಸಂಗೀತ ಕಟ್ಟುವ ಉಚಿತ ತಂತ್ರಾಂಶಗಳು. ಮ್ಯಾಕ್ ಇದ್ದರೆ ಜಾಸ್ತಿ ಯೋಚನೆ ಬೇಡ, ಗ್ಯಾರೇಜ್‌ಬ್ಯಾಂಡ್ ಹಿಡಿಯಿರಿ. 2004ರಲ್ಲಿ ಬಂದದ್ದು, ಆಪಲ್ ಸಾಧನಗಳಲ್ಲಿ ಮಾತ್ರ ಓಡುತ್ತದೆ. ಮ್ಯಾಕ್‌ನಲ್ಲಿ ವಿಡಿಯೊವನ್ನೇ ಒಳಗೆ ಎಳೆದು ಹಾಕಬಹುದು. ದೀಪದ ಬತ್ತಿಗೆ ಬೆಂಕಿ ತಾಗಿದ ಕ್ಷಣಕ್ಕೇ ತಂಬೂರದ ಶ್ರುತಿ ಶುರುವಾಗುವಂತೆ ಕೂರಿಸಿದೆ. ಎಷ್ಟು ಖುಷಿಯಾಯ್ತು ಗೊತ್ತಾ! ಗ್ಯಾರೇಜ್‌ಬ್ಯಾಂಡ್‌ನ ಲೂಪ್‌ಗಳನ್ನು (ಮತ್ತೆ ಮತ್ತೆ ನುಡಿಸಬಹುದಾದ ಸಿದ್ಧ ಸಂಗೀತದ ತುಣುಕುಗಳನ್ನು) ನಿಮ್ಮ ವಿಡಿಯೊದಲ್ಲಿ ರಾಯಲ್ಟಿ ಕೊಡದೆ ಬಳಸಬಹುದು. ಲೂಪನ್ನೇ ಬಿಡಿಯಾಗಿ ಮಾರುವಂತಿಲ್ಲ, ಅಷ್ಟೇ.

ಎಲ್‌ಎಂಎಂಎಸ್ ವಿಂಡೋಸ್, ಲಿನಕ್ಸ್‌ನಲ್ಲೂ ಓಡುತ್ತದೆ. ಬೀಟ್ ಕಟ್ಟುವುದಕ್ಕೆ ಚೆನ್ನ. ಆದರೆ ವಿಡಿಯೊ ಕಾಣಿಸುವುದಿಲ್ಲ, ಸೆಕೆಂಡುಗಳನ್ನು ಬರೆದಿಟ್ಟುಕೊಂಡು ಹೊಂದಿಸಬೇಕು. ಕೊಳಲೋ ಹಾಡೋ ಬೇಕಿದ್ದರೆ ಆಡಾಸಿಟಿ ಎಂಬ ಧ್ವನಿಮುದ್ರಣ ತಂತ್ರಾಂಶದಲ್ಲಿ ರೆಕಾರ್ಡ್ ಮಾಡಿ ತರುವುದೇ ಸಲೀಸು. ವಿಂಡೋಸ್ ಲ್ಯಾಪ್‌ಟಾಪ್ ಇರುವ ಗೆಳೆಯರಿಗೆ ನಾನು ಎಲ್‌ಎಂಎಂಎಸ್ಸನ್ನೇ ಹಾಕಿಕೊಡುತ್ತಿದ್ದೇನೆ.