ಹೊಳೆ ಗಾಳಕ್ಕೆ ಯಾವ ಬೆಂಡು? ನನ್ನ ಓಟು ನವಿಲುಗರಿ ದಂಟಿಗೆ

ಹರಿಯೋ ನೀರಲ್ಲಿ ಗಾಳ ಹಾಕುವವರಿಗೆ ನವಿಲುಗರಿ ದಂಟಿನ ಬೆಂಡೇ ಸರಿ. ಬೆಂಡು ಅಂದರೆ ಮೀನು ಕಚ್ಚಿದ್ದನ್ನು ತೋರಿಸಲು ಗಾಳದ ದಾರಕ್ಕೆ ಕಟ್ಟಿ ನೀರ ಮೇಲೆ ತೇಲಿಬಿಡುವ ತುಂಡು. ಅಂಗಡಿಯಿಂದ 150 ರೂಪಾಯಿ ಕೊಟ್ಟು ತಂದ ಬಣ್ಣದ ಬೆಂಡನ್ನು ಶ್ರೀರಂಗಪಟ್ಟಣದ ಕೆಳಗೆ ಕಾವೇರಿಯಲ್ಲಿ ಬಳಸಿ ನೋಡಿದ ಮೇಲಂತೂ ಈ ಮಾತನ್ನು ಧೈರ್ಯವಾಗಿ ಹೇಳುತ್ತೇನೆ.

ಅಂಗಡಿ ಬೆಂಡಿನ ಮರ ಚೆನ್ನಾಗಿದೆ, ಬಣ್ಣವೂ ದೂರಕ್ಕೆ ಕಾಣುತ್ತದೆ. ತೊಂದರೆ ಇರೋದು ದಾರ ಕಟ್ಟುವ ಜಾಗದಲ್ಲಿ. ಅದಕ್ಕೆ ತಳದಲ್ಲಿ ಒಂದೇ ಒಂದು ರಿಂಗು. ಕೆರೆಗಾದರೆ ಅದೇ ಒಳ್ಳೆಯದು. ದಾರ ನೀರೊಳಗೆ ಮುಳುಗಿರುತ್ತದೆ, ಗಾಳಿ ಬೀಸಿದರೂ ಬೆಂಡು ಅಲುಗಾಡುವುದು ಕಡಿಮೆ.

ಹೊಳೆಯಲ್ಲಿ ಹಾಗಲ್ಲ. ಮೇಲಿನ ನೀರು ತಳದ ನೀರಿಗಿಂತ ಜೋರಾಗಿ ಓಡುತ್ತದೆ. ಬೆಂಡು ಮೇಲಿನ ನೀರಿನ ಜೊತೆ ಓಡಿದರೆ ಕೆಳಗಿರುವ ಎರೆಹುಳುವನ್ನೂ ಎಳೆದುಕೊಂಡು ಹೋಗುತ್ತದೆ. ತಳದಲ್ಲಿ ಮೇಯುವ ಗೆಂಡೆ ಮೀನು ಅಂಥ ಹುಳುವಿಗೆ ಸುಲಭವಾಗಿ ಬಾಯಿ ಹಾಕುವುದಿಲ್ಲ. ಹಾಗಾಗಿ ದಾರವನ್ನು ಆಗಾಗ ಹಿಡಿದು ಹಿಡಿದು ಬಿಡಬೇಕು, ಬೆಂಡು ನಿಧಾನವಾಗಬೇಕು. ತಳಕ್ಕೆ ಮಾತ್ರ ಕಟ್ಟಿದ ಬೆಂಡು ಹಿಡಿದ ತಕ್ಷಣ ಓರೆಯಾಗಿ ಮುಳುಗಿಬಿಡುತ್ತದೆ. ಮೀನು ಎಳೆಯಿತೋ, ನನ್ನ ಕೈ ಎಳೆಯಿತೋ ಗೊತ್ತಾಗುವುದಿಲ್ಲ. ಪ್ರತಿ ಸಲ ಕೋಲು ಎತ್ತಿ ನೋಡಬೇಕು, ಹುಳು ಹಾಗೇ ಇರುತ್ತದೆ. ಇನ್ನೊಂದು ಕಿರಿಕಿರಿ ಅಂದರೆ ನೀರು ದಾರವನ್ನು ಬಿಲ್ಲಿನ ಹಾಗೆ ಬಗ್ಗಿಸಿದಾಗ ಅದನ್ನು ಎತ್ತಿ ನೀರು ಹರಿದು ಬರುವ ಕಡೆಗೆ ಹಾಕಬೇಕಲ್ವಾ? ದಾರ ಮುಳುಗಿರುವುದರಿಂದ ಬೆಂಡೂ ಜಾಗ ಬಿಟ್ಟು ಬರುತ್ತದೆ. ಇಷ್ಟಾದ ಮೇಲೆ ಬಣ್ಣ ಕಟ್ಟಿಕೊಂಡು ಏನು ಮಾಡೋದು?

ನವಿಲುಗರಿ ದಂಟನ್ನು ನಾನು ಎರಡೂ ತುದಿಯಲ್ಲಿ ದಾರಕ್ಕೆ ಸೇರಿಸುತ್ತೇನೆ. ಸೈಕಲ್ ವಾಲ್ ಟ್ಯೂಬಿನ, ಅಂದರೆ ಗಾಳಿ ತುಂಬುವ ವಾಲ್‌ಗೆ ಹಾಕುವ ತೆಳ್ಳಗಿನ ರಬ್ಬರ್ ಕೊಳವೆಯ, ಸಣ್ಣ ಚೂರುಗಳು ಸಾಕು. ದಾರವನ್ನು ಅವುಗಳೊಳಗೆ ಹಾಯಿಸಿ, ದಂಟನ್ನು ತುರುಕಿದರೆ ಮುಗಿಯಿತು, ಗಂಟು ಬೇಡ. ಆಳ ಬದಲಿಸಬೇಕಾದರೆ ಬೆಂಡನ್ನು ಮೇಲಕ್ಕೋ ಕೆಳಕ್ಕೋ ಜಾರಿಸಿದರಾಯಿತು. ದಾರ ಮೇಲಿನ ತುದಿಯಿಂದ ಹೊರಡುವುದರಿಂದ, ಹಿಡಿದಾಗ ಬೆಂಡು ಮುಳುಗದೆ ನಿಲ್ಲುತ್ತದೆ. ಹುಳು ಅದಕ್ಕಿಂತ ಸ್ವಲ್ಪ ಮುಂದೆ ತೇಲಿಹೋಗಿ, ಮೀನಿಗೆ ಮೊದಲು ಅದೇ ಕಾಣುತ್ತದೆ.

ದಂಟಿನೊಳಗೆ ಬಿಳಿ ತಿರುಳು ತುಂಬಿರುತ್ತದೆ. ಸಿಪ್ಪೆ ಸೀಳದಿದ್ದರೆ ನೀರು ಒಳಗೆ ಹೋಗುವುದು ಕಷ್ಟ. ನೀರು ಜೋರಿದ್ದರೆ ದಪ್ಪ ತುದಿ ಮೇಲೆ, ನಿಧಾನವಿದ್ದರೆ ಸಣ್ಣ ತುದಿ ಮೇಲೆ. ಜಿಲೇಬಿ ಮೀನು ಕೆಲವೊಮ್ಮೆ ಹುಳುವನ್ನು ಬಾಯಲ್ಲಿಟ್ಟು ಮೇಲಕ್ಕೆ ಬರುತ್ತದೆ. ಆಗ ದಾರದ ಕೆಳಗೆ ಕಟ್ಟಿದ ಸೀಸದ ಗುಂಡಿನ ಭಾರ ತಪ್ಪಿ ಬೆಂಡು ಮೇಲೇಳುತ್ತದೆ, ಕೊನೆಗೆ ಅಡ್ಡ ಬೀಳುತ್ತದೆ. ತೆಳ್ಳಗಿನ ದಂಟಿನಲ್ಲಿ ಅದು ಚೆನ್ನಾಗಿ ಕಾಣುತ್ತದೆ. ದಪ್ಪ ಹೊಟ್ಟೆಯ ಬೆಂಡಿನಲ್ಲಿ ಅಷ್ಟು ಕಾಣುವುದಿಲ್ಲ.

ಗರಿ ಮಾತ್ರ ತಾನಾಗಿ ಉದುರಿದ್ದೇ ಆಗಿರಬೇಕು. ನವಿಲು 1963ರಿಂದ ರಾಷ್ಟ್ರಪಕ್ಷಿ, 1972ರ ವನ್ಯಜೀವಿ ಕಾಯ್ದೆ ಅದನ್ನು ಕಾಯುತ್ತದೆ. ಮಳೆಗಾಲ ಕಳೆಯುವ ಹೊತ್ತಿಗೆ ಗಂಡು ನವಿಲು ಹೇಗೂ ಗರಿ ಉದುರಿಸುತ್ತದೆ. ನನಗೆ ತೋಟದಲ್ಲಿ ಬಿದ್ದವೇ ಬೇಕಾದಷ್ಟು ಸಿಗುತ್ತವೆ.

ಜೋಳದ ದಂಟಿನ ಬೆಂಡು ಪುಕ್ಕಟೆ, ಹಗುರ. ಆದರೆ ಬೇಗ ನೀರು ಕುಡಿಯುತ್ತದೆ.

ಹವಾಯಿ ಚಪ್ಪಲಿ ಕತ್ತರಿಸಿದ ತುಂಡು ಒಡೆಯುವುದಿಲ್ಲ. ದೊಡ್ಡ ಬಾಳೆ ಮೀನಿಗೆ ಜೀವಂತ ಸಣ್ಣ ಮೀನು ಕಟ್ಟುವವರಿಗೆ ಅದೇ ಸರಿ. ಆದರೆ ಸಣ್ಣ ಮೀನು ಕಚ್ಚಿದರೆ ಆ ತುಂಡು ಅಲ್ಲಾಡುವುದೂ ಇಲ್ಲ.

ನಾನು ಬಿದಿರು ಕೋಲು ಹಿಡಿದು ದಡದ ಹತ್ತಿರವೇ ಗೆಂಡೆ, ಜಿಲೇಬಿಗೆ ಕೂರುವವನು. ಅದಕ್ಕೆ ದಂಟು ಸಾಕು. ರೀಲು ಹಾಕಿ ನಡು ಹೊಳೆಗೆ ಎಸೆಯುವವರಿಗೆ ಇದು ತುಂಬಾ ಹಗುರ ಅನ್ನಿಸಬಹುದು. ಅವರು ಅಂಗಡಿಯದ್ದನ್ನೇ ತಗೊಳ್ಳಲಿ, ಆದರೆ ಮೇಲಿನ ತುದಿಗೂ ದಾರ ಕಟ್ಟಲು ಬರುವಂಥದ್ದನ್ನು ಕೇಳಿ ತಗೊಳ್ಳಲಿ. ದಂಟು ಬಳಸುವವರು ವಾಲ್ ಟ್ಯೂಬ್ ಚೂರುಗಳನ್ನು ಒಂದಷ್ಟು ಜಾಸ್ತಿಯೇ ಜೇಬಿನಲ್ಲಿಟ್ಟುಕೊಳ್ಳಿ, ಬಿಸಿಲಿಗೆ ಬಿರುಕು ಬಿಡುವುದು ಅವೇ.