ಮಕ್ಕಳ ದುಡ್ಡು: ಕೈಗೆ ನಗದಾ, ಖಾತೆಗಾ?

ಪಾಕೆಟ್ ಮನಿ ಕೈಗೆ ಕೊಟ್ಟರೆ ಒಂದು ದೊಡ್ಡ ಲಾಭ ಇದೆ, ನೋಟು ಖರ್ಚಾಗುವುದು ಕಣ್ಣಿಗೆ ಕಾಣುತ್ತದೆ. ಮಡಿಕೇರಿ ಸಂತೆಗೆ ಕಳಿಸಿ ತರಕಾರಿ ತರಿಸಿ, ಚಿಲ್ಲರೆ ಲೆಕ್ಕ ಕೇಳಿ, ಚೌಕಾಸಿ ತಾನಾಗಿ ಬರುತ್ತದೆ. ಉಳಿಸುವುದು ಮಾತ್ರ ಕಷ್ಟ.

ಖಾತೆಯಲ್ಲಿ ದುಡ್ಡು ಉಳಿಯುತ್ತದೆ, ಬಡ್ಡಿಯೂ ಬರುತ್ತದೆ. 10 ವರ್ಷ ತುಂಬಿದ ಮಕ್ಕಳು ಅಂಚೆ ಕಚೇರಿಯಲ್ಲಿ ತಮ್ಮ ಹೆಸರಲ್ಲೇ ಉಳಿತಾಯ ಖಾತೆ ತೆರೆಯಬಹುದು, 500 ರೂಪಾಯಿ ಸಾಕು. ಕೊಡಗಿನ ಎಷ್ಟೋ ಮನೆಗಳಿಗೆ ಕಾಫಿ ದುಡ್ಡು ಬರುವುದೇ ವರ್ಷಕ್ಕೊಮ್ಮೆ, ಅದನ್ನು ಹನ್ನೆರಡು ತಿಂಗಳಿಗೆ ಹಂಚುವುದನ್ನು ಮಕ್ಕಳೂ ಕಲಿಯಬೇಕು ಅಲ್ವಾ, ಅದಕ್ಕೆ ಪಾಸ್‌ಬುಕ್ಕೇ ಸರಿ.

ನನ್ನ ಪ್ರಕಾರ ಎಂಟನೇ ಕ್ಲಾಸಿಗೆ ನಗದು, ಹತ್ತಕ್ಕೆ ಬಂದಾಗ ಖಾತೆಯೂ ಸೇರಲಿ. ಯುಪಿಐಗೆ ಸುಮ್ನೆ ಅವಸರ ಬೇಡ, ಪಿಯುಸಿ ಮುಗಿಯಲಿ.